ಹಳೇ ತೊಗಲು ಕೀಳಬಾರದಂತೆ

ಮೂರನೆಯ ಸಲ ನೀರು ಕುದಿದು ಉಕ್ಕಿದ್ದು ಬಂಗಾರಪೇಟೆ ಸ್ಟೇಷನ್ನಿಗೆ ಇನ್ನೇನು ಎರಡು ತಿರುವು ಇದೆ ಅನ್ನುವಾಗ. ಅಮ್ಮನ ಸೀಟಿನ ಕೆಳಗಿನಿಂದ ಬಿಳಿ ಹಬೆ ಎದ್ದಿತು. ನಮ್ಮ ವ್ಯಾನಿನಲ್ಲಿ ಎಂಜಿನ್ ಇರುವುದೇ ಅಲ್ಲಿ. ಓಡಿಸುವವರು ಅದರ ಮೇಲೆಯೇ ಕೂರಬೇಕು. ಅಮ್ಮ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಕೀಲಿ ತಿರುಗಿಸಿ, ಸೆರಗು ಬಿಗಿ ಮಾಡಿಕೊಂಡು ಇಳಿದಳು. ಹಿಂದೆ ಕೂತಿದ್ದವರು ಮೊದಲನೆಯ ಸಲ ಬೈದಿದ್ದರು. ಎರಡನೆಯ ಸಲ ನಕ್ಕಿದ್ದರು. ಈ ಸಲ ಸುಮ್ಮನೆ ಊಟದ ಬ್ಯಾಗುಗಳನ್ನು ಎದೆಗವಚಿಕೊಂಡು ಸ್ಟೇಷನ್ನಿನ ಕಡೆ ಓಡಿದರು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಆಸ್ಪತ್ರೆಯಲ್ಲಿ ಆಯಾ ಕೆಲಸದವರು, ಕಾಲೇಜಿಗೆ ಹೋಗುವ ನಾನು. ಓಡಿದವರಿಗೆ ಕಂಡದ್ದು ಬೆಂಗಳೂರು ರೈಲಿನ ಹಿಂಭಾಗ.

ಸಂಜೆ ಅವರಲ್ಲೊಬ್ಬಳು ಅಮ್ಮನಿಗೆ ಫೋನು ಮಾಡಿದಳು. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಾಳೆಯಿಂದ ಆಟೋದಾಗ್ ಓಗ್ತೀವಿ." ಅಮ್ಮ "ಆಯ್ತಮ್ಮ" ಅಂದಳು. ಅವಳ ದನಿಯಲ್ಲಿ ಬೇಜಾರು ಇರಲಿಲ್ಲ. ಏನೂ ಇರಲಿಲ್ಲ. ನನಗೆ ಭಯವಾದದ್ದು ಅದಕ್ಕೆ.

ಅಮ್ಮ ಗಾಡಿ ಕಲಿತದ್ದು ತಲೆಯಲ್ಲಿ ಬಿಳಿ ಕೂದಲು ಮೂಡಿದ ಮೇಲೆ. ನಮ್ಮೂರು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ, ಬಸ್ಸು ಮನಸ್ಸು ಬಂದರೆ ನಿಲ್ಲುವ ಊರು. ಬೆಳಗಿನ ರೈಲು ಹಿಡಿಯಬೇಕಾದ ಹೆಂಗಸರು ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ ನಿಂತು ಹೋಗುತ್ತಿದ್ದರು. ಎರಡು ಹಸು ಕಟ್ಟಿಕೊಂಡು ಆ ಗಾಡಿಗೆ ಹಾಲು ಅಳೆಯುತ್ತಿದ್ದ ಅಮ್ಮ ಒಂದು ದಿನ ಅದನ್ನು ನೋಡುತ್ತಾ ನಿಂತವಳು, "ಇವರ್ನ ನಾನೇ ಕರ್ಕೊಂಡೋದ್ರೆ?" ಅಂದಳು. ಹಸುಗಳನ್ನು ಮಾರಿ ಹಳೆಯ ವ್ಯಾನು ತಂದಳು. ಹೆಂಗಸು ವ್ಯಾನು ಓಡಿಸುವುದಾ ಎಂದು ಊರು ಆಡಿಕೊಂಡಿತು. ಆಮೇಲೆ ಊರಿನ ಹೆಣ್ಣುಮಕ್ಕಳೆಲ್ಲ ಅದರಲ್ಲೇ ಕೂತರು. ಆಡಿಕೊಂಡ ಊರಿಗೆ ನೆನಪಿನ ಶಕ್ತಿ ಕಡಿಮೆ. ಒಬ್ಬರಿಗೆ ಮಾತ್ರ ನೆನಪು ಗಟ್ಟಿ: ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಅಪ್ಪನ ಅಣ್ಣ. ಚಿನ್ನದ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫ್ಸ್‌ನ ಆಳದಲ್ಲಿ ನೀರೆತ್ತುವ ಪಂಪುಗಳ ಕೆಲಸದಲ್ಲಿದ್ದವರು. ಆಮೇಲೆ ಹೊಲ ನೋಡಿಕೊಂಡರು. ಅಪ್ಪ ಮಾಲೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಮನೆಯ ವಿಷಯದಲ್ಲಿ ಅವನ ಅಭಿಪ್ರಾಯ ಏನೆಂದು ಕೇಳಿದರೆ "ಅಣ್ಣನ್ನ ಕೇಳು" ಅನ್ನುತ್ತಾನೆ. ಹಾಗಾಗಿ ಮನೆಯಲ್ಲಿ ಎಲ್ಲ ಎಂಜಿನ್ನುಗಳ, ಎಲ್ಲ ಹೆಣ್ಣುಗಳ ಬಗ್ಗೆ ತೀರ್ಪು ಕೊಡುವವರು ದೊಡ್ಡಪ್ಪನೇ.

ಇನ್ನೊಂದು ಮಾತು ಹೇಳಬೇಕು. ನಮ್ಮಲ್ಲಿ ಹೆಂಗಸು ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅಮ್ಮ, ದೊಡ್ಡಪ್ಪ ಒಂದೇ ಜಗಲಿಯಲ್ಲಿ ಕೈಯಳತೆಯಲ್ಲಿ ಕೂತಿದ್ದರೂ ಮಾತು ನನ್ನ ಮೂಲಕವೇ ಹೋಗಬೇಕು. "ನಿಮ್ಮಮ್ಮಂಗೆ ಏಳು." "ನಿಮ್ ದೊಡ್ಡಪ್ಪಂಗೆ ಏಳು." ಚಿಕ್ಕಂದಿನಿಂದ ನಾನು ಆ ಮನೆಯ ಅಂಚೆಪೆಟ್ಟಿಗೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಪರ ವಿರೋಧ ಎರಡನ್ನೂ ಸರಾಗವಾಗಿ ವಾದಿಸುತ್ತೇನೆಂದು ಕಾಲೇಜಿನಲ್ಲಿ ಹೊಗಳುತ್ತಾರೆ. ತರಬೇತಿ ಎಲ್ಲಾಯಿತು ಎಂದು ಯಾರೂ ಕೇಳಿಲ್ಲ.

ಆ ಸಂಜೆ ಅಮ್ಮ ಜಗಲಿಯಲ್ಲಿ ನೆನೆಸಿದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದಳು. ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ದೊಡ್ಡಪ್ಪ ಬಂದು ಕಂಬಕ್ಕೆ ಒರಗಿದರು.

"ನಿಮ್ಮಮ್ಮಂಗೆ ಏಳು. ಗುಜರಿಯವ್ನಿಗೆ ಏಳಿದೀನಿ. ಸೋಮವಾರ ಬಂದು ಎಳ್ಕೊಂಡೋಗ್ತಾನೆ."

ಅಮ್ಮನ ಕೈ ನಿಲ್ಲಲಿಲ್ಲ. ನಾನು ಅಂಚೆ ಮುಟ್ಟಿಸಲಿಲ್ಲ.

"ಯಾಕೆ?" ಅಂದೆ.

"ಎಂಜಿನ್ ಮೈಯೇ ಕೆಟ್ಟೋಗೈತೆ. ಮೂರ್ ಸಲ ಪಂಪ್ ಬದ್ಲಾಯ್ಸಿದ್ರೂ ನೀರ್ ಸೋರ್ತದೆ ಅಂದ್ರೆ ಇನ್ನೇನು?"

"ಮೂರು ಸಲವೂ ಒಂದೇ ತರ ಬದಲಾಯಿಸಿದರೆ ಮೂರು ಸಲವೂ ಒಂದೇ ತರ ಸೋರುತ್ತೆ. ಅದರಿಂದ ಎಂಜಿನ್ ಕೆಟ್ಟಿದೆ ಅಂತ ಹೇಗೆ ಹೇಳ್ತೀರಿ? ಕೆಲಸ ಕೆಟ್ಟಿದೆ ಅಂತಾನೂ ಹೇಳಬಹುದಲ್ಲ."

"ಓಹೋ, ಲಾಯರಮ್ಮನೋರು ಬಂದ್ರಪ್ಪ! ಕಾನೂನ್ ಕಾಲೇಜಲ್ಲಿ ನೀರಿನ್ ಪಂಪೂ ಏಳ್ಕೊಡ್ತಾರಾ?"

ನಾನು ಒಳಗೆ ಹೋಗಿ, ಕಳೆದ ಸಲ ಬಿಚ್ಚಿ ಎಸೆದಿದ್ದ ಪಂಪನ್ನು ತಂದು ಜಗಲಿಯ ಮೇಲಿಟ್ಟೆ. ಪಂಪಿಗೂ ಎಂಜಿನ್ನಿನ ಮೈಗೂ ನಡುವೆ ಒಂದು ತೆಳುವಾದ ಕಾಗದದಂಥ ಪದರ ಇರುತ್ತದೆ, ಗ್ಯಾಸ್ಕೆಟ್ಟು. ಎರಡು ಲೋಹಗಳ ನಡುವೆ ಅದು ಸಮನಾಗಿ ಒತ್ತಿ ಕೂತರೆ ನೀರು ಹೊರಬರುವುದಿಲ್ಲ. ಆ ಹಳೆಯ ಪಂಪಿಗೆ ಅಂಟಿಕೊಂಡಿದ್ದ ಗ್ಯಾಸ್ಕೆಟ್ಟನ್ನು ದೊಡ್ಡಪ್ಪನಿಗೆ ತೋರಿಸಿದೆ. ಒಂದು ಕಡೆ ಅದು ರೇಷನ್ ಕಾರ್ಡಿನ ಮೂಲೆಯ ಹಾಗೆ ಸವೆದು ಚಪ್ಪಟೆಯಾಗಿತ್ತು. ಇನ್ನೊಂದು ಕಡೆ ಅಂಗಡಿಯಿಂದ ಆಗತಾನೆ ತಂದಷ್ಟು ದಪ್ಪ. ತಯಾರಿಸಿದವರು ಅಚ್ಚುಹಾಕಿದ್ದ ಅಕ್ಷರಗಳೂ ಅಳಿಸಿರಲಿಲ್ಲ.

"ಈ ಕಡೆ ಇದನ್ನು ಏನೂ ಮುಟ್ಟೇ ಇಲ್ಲ ದೊಡ್ಡಪ್ಪ. ಎದುರುಗಡೆ ಮೇಲ್ಮೈ ಏರುಪೇರಾಗಿದೆ. ಯಾಕೆ ಗೊತ್ತಾ? ಅದರ ಮೇಲೆ ಹಳೇ ಗ್ಯಾಸ್ಕೆಟ್ಟು ಇನ್ನೂ ಅಂಟಿಕೊಂಡಿದೆ. ಯಾರೂ ಕಿತ್ತಿಲ್ಲ."

"ಕೀಳ್ಬಾರ್ದು," ಅಂದರು ದೊಡ್ಡಪ್ಪ. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಎನ್ನುವ ದನಿಯಲ್ಲಿ. "ಅಳೇ ತೊಗಲು ಕೀಳ್ಬಾರ್ದು. ಅದ್ರ ಮೇಲೇ ಒಸದು ಕೂರಿಸ್ಬೇಕು. ಅಳೇದು ಒಸದಕ್ಕೆ ಆಸಿಗೆ ಇದ್ದಂಗೆ."

ತೊಗಲು ಎಂದರೆ ಗ್ಯಾಸ್ಕೆಟ್ಟೇ. ಈ ಮಾತು ದೊಡ್ಡಪ್ಪ ಒಬ್ಬರದಲ್ಲ. ಕೆಜಿಎಫ್ ಸುತ್ತಮುತ್ತಲ ಎಷ್ಟೋ ಶೆಡ್ಡುಗಳಲ್ಲಿ ಇದೇ ಮಾತು ಕೇಳಿದ್ದೇನೆ. ನಮ್ಮ ಕಡೆ ದುರಸ್ತಿ ಎಂದರೆ ಮೇಲೆ ಇನ್ನೊಂದು ಪದರ. ಗಣಿಯವರ ಲೈನ್ ಮನೆಗಳನ್ನು ನೋಡಿ: ತಗಡು ತೂತಾದರೆ ಅದರ ಮೇಲೆ ತಗಡು, ಅದೂ ತೂತಾದರೆ ಮೇಲೊಂದು ಟಾರ್ಪಾಲು. ಸುಣ್ಣ ಉದುರಿದರೆ ಉದುರಿದ್ದರ ಮೇಲೆ ಸುಣ್ಣ. ಕೆಳಗಿರುವುದು ಏನಾಗಿದೆ ಎಂದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ನೋಡಿದರೆ ಏನಾದರೂ ಮಾಡಬೇಕಾಗುತ್ತದಲ್ಲ! 'ಎಲ್ಲರೂ ಹೀಗೇ ಮಾಡ್ತಾರೆ' ಎನ್ನುವುದು ಪುರಾವೆಯಲ್ಲ, ಅದು ತಲೆ ಎಣಿಕೆ ಎಂದು ನಾನು ವೇದಿಕೆಯ ಮೇಲೆ ಎಷ್ಟು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೋ. ಜಗಲಿಯಲ್ಲಿ ಚಪ್ಪಾಳೆ ಬೀಳುವುದಿಲ್ಲ. ಹಾಗಾಗಿ ಚರ್ಚೆಯಲ್ಲಿ ಕಲಿತ ಇನ್ನೊಂದು ಪಟ್ಟು ಹಾಕಿದೆ.

"ಏನು ತೋರಿಸಿದರೆ ಒಪ್ಪುತ್ತೀರಿ, ಅದನ್ನ ಹೇಳಿ."

ದೊಡ್ಡಪ್ಪ ಯೋಚಿಸಿದರು. "ನಂದಿದುರ್ಗ ಮೈನ್ಸ್ ಶೆಡ್ಡಿಂದ ಒಂಟು, ಚಾಂಪಿಯನ್ ರೀಫ್ಸ್ ದಿಬ್ಬ ಅತ್ತಿ, ಮೈಸೂರು ಮೈನ್ಸ್ ಸುತ್ತಾಕ್ಕೊಂಡು ಮನೆಗೆ ಬರ್ಬೇಕು. ನಾನೂ ಕೂತಿರ್ತೀನಿ. ಬಂದ್ಮೇಲೆ ಗಾಡಿ ಕೆಳ್ಗೆ ಪೇಪರ್ ಆಸ್ತೀನಿ. ಒಂದೇ ಒಂದ್ ಅನಿ ಬಿದ್ರೂ ಗುಜರಿ."

"ಬೀಳದಿದ್ದರೆ?"

"ಗಾಡಿ ವಿಷ್ಯದಾಗ್ ನಾನ್ ಬಾಯ್ ಮುಚ್ಕೊಂಡಿರ್ತೀನಿ."

"ಆಗೋ ಮಾತು ಹೇಳಿ ದೊಡ್ಡಪ್ಪ."

ಅಮ್ಮ ನಕ್ಕಳು ಅನ್ನಿಸಿತು. ತಿರುಗಿ ನೋಡಿದರೆ ಅವರೆಕಾಳು ಹಿತುಕುತ್ತಲೇ ಇದ್ದಳು. ಒಪ್ಪಂದ ಆಯಿತು. ಗಾಡಿ ಅವಳದು, ನಾವಿಬ್ಬರೂ ಅದನ್ನು ಪಣಕ್ಕಿಟ್ಟದ್ದು ಅವಳ ಎದುರಿಗೇ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ವ್ಯಾನನ್ನು ಕೆಜಿಎಫ್‌ನ ನಂದಿದುರ್ಗದ ಶೆಡ್ಡಿಗೆ ಎಳೆಸಿದೆ. ಅಲ್ಲಿನ ಮೇಸ್ತ್ರಿಯೇ ಹಿಂದಿನ ಮೂರೂ ಪಂಪು ಹಾಕಿದವನು. ಅವನಪ್ಪನೂ ದೊಡ್ಡಪ್ಪನೂ ಒಂದೇ ಪಾಳಿಯಲ್ಲಿ ಗಣಿಗೆ ಇಳಿಯುತ್ತಿದ್ದವರಂತೆ. ತಮಿಳು ಮನೆಮಾತು, ಕನ್ನಡ ತೆಲುಗು ಎರಡೂ ನಾಲಗೆಯ ತುದಿಯಲ್ಲಿ. ಹಳೆಯ ಬಿದಿರಿನ ತಟ್ಟಿ ಕಟ್ಟಿದ ಗೋಡೆ, ಮೇಲೆ ಮೂರು ಪದರ ತಗಡು. ಅವನ ಶೆಡ್ಡೂ ಅವನ ಸಿದ್ಧಾಂತದಂತೆಯೇ ಇತ್ತು.

"ಎನ್ನಮ್ಮಾ, ಎಂಜಿನ್ ಬಿಚ್ಚೋಕ್ ನೀನೇ ಬಂದ್ಬಿಟ್ಯಾ? ನಮ್ ದೊಡ್ಡೋರು ಫೋನ್ ಮಾಡಿದ್ರು. ಬೆಟ್ ಕಟ್ಟಿದೀಯಂತೆ?"

"ಬಿಚ್ಚೋದು, ಕೂರಿಸೋದು ನೀವೇ ಮಾಡಿ ಅಣ್ಣ. ನಡುವೆ ಕೀಳೋದು ಮಾತ್ರ ನಾನು."

"ಸೆರಿ. ಚರ್ಮ ಕಿತ್ತರೆ ರಕ್ತ ಬರುತ್ತೆ. ಆಮೇಲೆ ನನ್ ಮೇಲೆ ಏಳ್ಬೇಡ."

ಮೇಸ್ತ್ರಿ ಸೀಟು ಎತ್ತಿದ, ಉಳಿದ ನೀರನ್ನು ಬಾಂಡಲಿಗೆ ಇಳಿಸಿದ, ಬೆಲ್ಟು ಬಿಚ್ಚಿ, ಬೋಲ್ಟುಗಳನ್ನು ತೆಗೆದು, ಪಂಪನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಈಚೆಗೆ ತೆಗೆದ. ಕೈಯಲ್ಲಿ ಚಳಕ ಇತ್ತು, ಇಲ್ಲ ಎನ್ನಲಾರೆ. ನಾನು ಟಾರ್ಚು ಹಾಕಿ ನೋಡಿದೆ. ಎಂಜಿನ್ನಿನ ಮೈ ಎಲ್ಲಿದೆ ಎಂದೇ ಕಾಣಲಿಲ್ಲ. ಮೇಲೆ ನೀಲಿ ಪೇಸ್ಟು, ಅದರ ಕೆಳಗೆ ಬೂದು ಬಣ್ಣದ ಕಾಗದ, ಅದರ ಕೆಳಗೆ ಕರಿ ಪೇಸ್ಟು, ಅದರಡಿಯಲ್ಲಿ ಸುಟ್ಟ ಹಪ್ಪಳದಂತೆ ಕಂದು ಬಣ್ಣದ ಏನೋ ಒಂದು. ಎಡಗಡೆ ದಪ್ಪ, ಬಲಗಡೆ ಕಿತ್ತುಹೋಗಿ ಗುಳಿ. ಪ್ರತಿ ಸಲವೂ ಹೊಸ ಗ್ಯಾಸ್ಕೆಟ್ಟು ಈ ಗುಡ್ಡಗಾಡಿನ ಮೇಲೆ ಕೂತು, ಇನ್ನು ನೀರನ್ನು ತಡೆ ಎಂದು ಹೇಳಿಸಿಕೊಂಡಿದೆ.

"ಇದಾ ಹಾಸಿಗೆ?" ಅಂದೆ.

ಮೇಸ್ತ್ರಿ ಕೇಳಿಸದವನಂತೆ ಗ್ರೈಂಡರಿಗೆ ಉಜ್ಜುವ ಚಕ್ರ ಸಿಕ್ಕಿಸಿಕೊಂಡು ಬಂದ. "ಬಿಡು, ಅಷ್ಟು ಆಸೆ ಇದ್ರೆ ಎರಡ್ ನಿಮಿಷ. ಝರ್ರ್ ಅನ್ಸಿದ್ರೆ ಕನ್ನಡಿ ಆಗೋಗುತ್ತೆ."

"ಬೇಡ ಅಣ್ಣ. ಯಾವುದು ಕಾಗದ, ಯಾವುದು ಅಲ್ಯೂಮಿನಿಯಂ ಅಂತ ಅದಕ್ಕೆ ಗೊತ್ತಾಗಲ್ಲ. ಎರಡನ್ನೂ ತಿಂದುಹಾಕುತ್ತೆ. ಗುಳಿ ಇದ್ದ ಕಡೆ ಇನ್ನೂ ಗುಳಿ ಬೀಳುತ್ತೆ. ಪುಡಿಯೆಲ್ಲ ನೀರಿನ ದಾರಿಯೊಳಗೆ ಹೋಗುತ್ತೆ."

"ಎಲ್ಲಿ ಓದಿದೆ ಇದನ್ನ?"

"ಓದಿದ್ದನ್ನ ನಾನು ಅಷ್ಟು ಸುಲಭವಾಗಿ ನಂಬಲ್ಲ. ಅದೋ ಅಲ್ಲಿ ಆ ತುಂಡಿನ ಮೇಲೆ ನಿಮ್ಮ ಗ್ರೈಂಡರ್ ಒತ್ತಿ ತೋರಿಸಿ, ಆಮೇಲೆ ನಿಮ್ಮ ಮಾತು ಕೇಳ್ತೀನಿ."

ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಪಂಪಿನ ಮೈಯ ಮೇಲೆ ಅವನು ಚಕ್ರ ಒತ್ತಿದ. ಝರ್ರ್ ಎಂದಿತು. ಕನ್ನಡಿಯೇನೋ ಆಯಿತು. ಅದರ ಮೇಲೆ ಸ್ಟೀಲು ಸ್ಕೇಲು ನಿಲ್ಲಿಸಿ ಹಿಂದಿನಿಂದ ಟಾರ್ಚು ಬಿಟ್ಟೆ. ಸ್ಕೇಲಿನ ಅಡಿಯಲ್ಲಿ ಬೆಳಕು ಕೆರೆಯ ಏರಿಯಿಂದ ನೀರು ಜಿನುಗಿದ ಹಾಗೆ ಜಿನುಗಿತು. ಮೇಸ್ತ್ರಿ ಗ್ರೈಂಡರ್ ಕೆಳಗಿಟ್ಟು ಬೀಡಿ ಹಚ್ಚಿದ. ಒಪ್ಪಿದ ಎಂದಲ್ಲ. ಬೀಡಿ ಸೇದುವ ಹೊತ್ತಾಗಿತ್ತು, ಅಷ್ಟೇ.

ಮೊದಲು ನೀರಿನ ದಾರಿಯ ಬಾಯಿಗಳಿಗೆ ಬಟ್ಟೆ ತುರುಕಿದೆ. ಚಿಂದಿಯನ್ನು ಥಿನ್ನರಿನಲ್ಲಿ ಅದ್ದಿ ಆ ಪದರಗಳ ಮೇಲೆ ಒತ್ತಿಟ್ಟೆ. ನೆನೆಯುವ ತನಕ ಕಾದೆ. ಮೇಲಿನ ನೀಲಿ ಪೇಸ್ಟು ಒದ್ದೆ ರೊಟ್ಟಿಯ ಹಾಗೆ ಎದ್ದು ಬಂತು. ಮುಂದಿನದು ಬರಲಿಲ್ಲ. ಬ್ಲೇಡನ್ನು ಮಲಗಿಸಿ ಮೇಲ್ಮೈಗೆ ಒರಗಿಸಿ ತಳ್ಳಿದೆ, ಸ್ವಲ್ಪ ಎದ್ದಿತು. ಬ್ಲೇಡಿನ ಮೂಲೆ ತಾಗಿದರೆ ಲೋಹಕ್ಕೆ ಗೀರು ಬೀಳುತ್ತದೆ, ಆ ಗೀರೇ ನಾಳೆ ನೀರಿಗೆ ಕಾಲುವೆ. ಅಂಚುಗಳಿಗೆ, ಬೋಲ್ಟಿನ ತೂತುಗಳ ಸುತ್ತ, ಲೋಹಕ್ಕಿಂತ ಮೆತ್ತಗೆ ಕಾಗದಕ್ಕಿಂತ ಗಟ್ಟಿ ಇರುವಂಥದ್ದು ಏನಾದರೂ ಬೇಕಿತ್ತು. ಸುತ್ತ ನೋಡಿದೆ. ಎದುರಿಗೇ ಇತ್ತು. ತಟ್ಟಿಗೋಡೆಯಿಂದ ಒಂದು ಬಿದಿರ ಸೀಳನ್ನು ಲಟಕ್ಕನೆ ಮುರಿದೆ.

"ಅಯ್ಯಯ್ಯೋ, ನನ್ ಗೋಡೆ!"

"ಹಳೇದು ಅಣ್ಣ. ಮೇಲೊಂದು ಪದರ ಹಾಕ್ಕೊಳ್ಳಿ."

ಮೇಸ್ತ್ರಿ ಬಾಯಿ ತೆರೆದವನು ನಕ್ಕುಬಿಟ್ಟ. ಹೊಗೆ ನೆತ್ತಿಗೇರಿ ಕೆಮ್ಮಿದ. "ಏಯ್, ನಾಕು ಕಾಲೇಜ್ ಓದಿದ್ ಬಾಯಿ ಇದು!"

ಬಿದಿರಿನ ತುದಿಯನ್ನು ಉಳಿಯಂತೆ ಹೆರೆದುಕೊಂಡೆ. ಅದು ಕೆಲಸ ಮಾಡಿತು. ನೆನೆಸು, ತಳ್ಳು, ಒರೆಸು. ತುದಿ ಮೊಂಡಾದರೆ ಮತ್ತೆ ಹೆರೆ. ಕರಿ ಪೇಸ್ಟು ಹೋಯಿತು. ಕೊನೆಯದು, ಆ ಹಪ್ಪಳ, ಎಂಜಿನ್ ಹುಟ್ಟಿದಂದಿನಿಂದ ಇದ್ದದ್ದೋ ಏನೋ, ಚಕ್ಕೆಚಕ್ಕೆಯಾಗಿ ಬಿಡುತ್ತಾ ಬಂತು. ಬೆರಳ ಗೆಣ್ಣುಗಳು ಸೀಟಿನ ಚೌಕಟ್ಟಿಗೆ ತಾಗಿ ಸುಲಿದವು. ವಾದದಲ್ಲಿ ಎದುರಾಳಿಯ ಒಂದು ಮಾತು ಬಿದ್ದರೆ ಉಳಿದದ್ದೂ ಜೊತೆಗೆ ಕುಸಿಯುತ್ತದೆ. ಗ್ಯಾಸ್ಕೆಟ್ಟು ಹಾಗಲ್ಲ. ಪ್ರತಿ ಚೂರೂ ತನ್ನ ಪಾಡಿಗೆ ತಾನು ಮೊಂಡು ಹಿಡಿಯುತ್ತದೆ. ಪಕ್ಕದ್ದು ಸೋತದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ದೊಡ್ಡಪ್ಪ ಬಂದದ್ದು ಆಗ. ಅವರ ಹಿಂದೆ ಅಮ್ಮನೂ ಬಂದಳು, ಊಟದ ಡಬ್ಬಿ ಹಿಡಿದು. ಒಂದೇ ಬಸ್ಸಿನಲ್ಲಿ ಬಂದಿದ್ದರು. ದಾರಿಯುದ್ದಕ್ಕೂ ಒಂದು ಮಾತೂ ಆಡಿರುವುದಿಲ್ಲ ಎಂಬುದು ನನಗೆ ಗೊತ್ತು.

ದೊಡ್ಡಪ್ಪ ಬಗ್ಗಿ ನೋಡಿದರು. ಎಂಜಿನ್ನಿನ ಅರ್ಧ ಮುಖ ಬೆತ್ತಲೆಯಾಗಿ ಬೆಳ್ಳಗೆ ಹೊಳೆಯುತ್ತಿತ್ತು.

"ಕಿತ್ತೇಬಿಟ್ಯಲ್ಲಮ್ಮ."

"ಕಿತ್ತೆ. ರಕ್ತ ಬಂದದ್ದು ನನ್ನ ಕೈಯಿಂದ ಮಾತ್ರ."

"ನಗ್ಬೇಡ. ಯಾಕೆ ಕೀಳ್ಬಾರ್ದು ಅಂತಿದ್ವಿ ಅಂತ ಗೊತ್ತೇನು ನಿಂಗೆ?" ದೊಡ್ಡಪ್ಪ ಟೂಲ್ ಪೆಟ್ಟಿಗೆಯ ಮೇಲೆ ಕೂತರು. "ಗಣಿ ಕೆಳ್ಗೆ ಬಂಡೆಯಿಂದ ನೀರ್ ಬತ್ತಾನೇ ಇರ್ತದೆ. ನೀರ್ಗೆ ಭಾನುವಾರ ಇಲ್ಲ, ಅಬ್ಬ ಇಲ್ಲ. ಪಂಪಿನ್ ಜೋಡ್ಣೆ ಸೋರಿದ್ರೆ ಅಂಗೇ ಒಂದ್ ಚೂರ್ ನಿಲ್ಸಿ, ಅಳೇದ್ರ ಮೇಲೇ ಕೆಂಪ್ ಪೇಸ್ಟ್ ಬಳ್ದು ಒಸಾ ಪಟ್ಟಿ ಒತ್ತಿ ಬಿಗೀತಿದ್ವಿ. ನಿನ್ನಂಗೆ ಬಿದಿರ್ ಕಡ್ಡಿ ಇಟ್ಕೊಂಡು ಕೆರೀತಾ ಕೂತಿದ್ರೆ, ಇನ್ನೂ ಕೆಳ್ಗಿದ್ರಲ್ಲ, ಅವ್ರು ಎಲ್ಲಿಗ್ ಓಗ್ಬೇಕಿತ್ತು?"

ಮೇಸ್ತ್ರಿ ತಲೆಯಾಡಿಸಿದ, ಅವನಪ್ಪ ಹೇಳಿದ್ದೂ ಇದನ್ನೇ ಇರಬೇಕು. ಮೊದಲ ಸಲ ದೊಡ್ಡಪ್ಪ ನನಗೊಂದು ಕಾರಣ ಕೊಟ್ಟಿದ್ದರು, ಬರೀ 'ಬಾರದು' ಅಲ್ಲ. ಕಾರಣ ಕೊಟ್ಟವರ ಜೊತೆ ಮಾತ್ರ ನಿಜವಾಗಿ ವಾದಿಸಲು ಸಾಧ್ಯ.

"ಅಲ್ಲಿ ನೀವು ಮಾಡಿದ್ದು ಸರಿ ದೊಡ್ಡಪ್ಪ. ಅಲ್ಲಿ ಪಂಪು ಹೆಚ್ಚು ಹೊತ್ತು ನಿಲ್ಲಿಸೋ ಹಾಗಿರಲಿಲ್ಲ. ಇಲ್ಲಿ ನಿಲ್ಲಿಸಿದೀವಲ್ಲ! ನಿಂತಿರೋ ಪಂಪಿಗೂ ಓಡೋ ಪಂಪಿನ ನಿಯಮ ಯಾಕೆ?"

ದೊಡ್ಡಪ್ಪ ಹೊರಗೆ, ಬಿಸಿಲಲ್ಲಿ ಕಾಣುತ್ತಿದ್ದ ಗಣಿ ಮಣ್ಣಿನ ಬಿಳಿ ಗುಡ್ಡದ ಕಡೆ ನೋಡಿದರು.

"ಈಗ ಅಲ್ಲೂ ನಿಂತೈತೆ," ಅಂದರು. "ಕೆಳ್ಗೆಲ್ಲ ನೀರೇ."

ಇದು ನನ್ನ ಪ್ರಶ್ನೆಗೆ ಉತ್ತರವಲ್ಲ. ವೇದಿಕೆಯಾಗಿದ್ದರೆ ಹಾಗೆಂದು ಎದ್ದು ಹೇಳುತ್ತಿದ್ದೆ. ಶೆಡ್ಡಿನಲ್ಲಿ ಚಿಂದಿಯನ್ನು ಮತ್ತೆ ಥಿನ್ನರಿನಲ್ಲಿ ಅದ್ದಿದೆ. ಆದರೆ ಆ ಮಾತಿಗೆ ಕರಗಿ ಕೆರೆಯುವುದನ್ನು ನಿಲ್ಲಿಸಲೂ ಇಲ್ಲ. ಮುಳುಗಿದ ಗಣಿಯ ಗೌರವಕ್ಕೆ ನನ್ನಮ್ಮನ ವ್ಯಾನು ಯಾಕೆ ಸೋರಬೇಕು?

ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಉಗುರಿನಿಂದ ಸುತ್ತ ಸವರಿದೆ. ಉಗುರು ಎಲ್ಲಿ ತಡೆಯಿತೋ ಅಲ್ಲಿ ಹಳೆಯದು ಇನ್ನೂ ಇದೆ ಎಂದರ್ಥ. ಎಲ್ಲೂ ತಡೆಯಲಿಲ್ಲ. ದೊಡ್ಡಪ್ಪ ನನ್ನನ್ನು ಸರಿಸಿ ತಮ್ಮ ದಪ್ಪ ಉಗುರಿನಿಂದ ತಾವೂ ಸವರಿದರು, ತಪ್ಪು ಸಿಗಲೇಬೇಕು ಎಂಬ ಹಟದಿಂದ. ಸ್ಕೇಲು ನಿಲ್ಲಿಸಿ ಟಾರ್ಚು ಬಿಟ್ಟೆವು. ಎಲ್ಲೂ ಬೆಳಕು ಜಿನುಗಲಿಲ್ಲ. "ಊಂ," ಅಂದರು. ಅದನ್ನು ನಾನು ಒಪ್ಪಿಗೆ ಎಂದು ಬರೆದುಕೊಳ್ಳುವುದಿಲ್ಲ.

ಬಟ್ಟೆ ತೆಗೆದು, ಬೋಲ್ಟಿನ ತೂತುಗಳನ್ನು ಒರೆಸಿ, ಹೊಸ ಗ್ಯಾಸ್ಕೆಟ್ಟನ್ನು ಬರೀ ಲೋಹದ ಮೇಲೆ ಇಟ್ಟೆ. ಮೇಸ್ತ್ರಿ ಹೊಸ ಪಂಪು ಕೂರಿಸಿ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ. ಪೇಸ್ಟಿನ ಟ್ಯೂಬಿಗೆ ಅವನ ಕೈ ಅಭ್ಯಾಸಬಲದಿಂದ ಹೋಯಿತು. ನಾನು ಮೊದಲೇ ಅದನ್ನು ಜೇಬಿಗೆ ಸೇರಿಸಿದ್ದೆ.

ಊಟ ಮುಗಿಸಿ ಹೊರಟೆವು. ಅಮ್ಮ ಓಡಿಸಿದಳು, ಪಕ್ಕದಲ್ಲಿ ನಾನು, ಹಿಂದೆ ದೊಡ್ಡಪ್ಪ. ಚಾಂಪಿಯನ್ ರೀಫ್ಸ್ ದಿಬ್ಬದಲ್ಲಿ ಗಾಡಿ ಏದುಸಿರು ಬಿಟ್ಟಿತು. ಬಿಸಿಯ ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ದೊಡ್ಡಪ್ಪ ಹಿಂದಿನಿಂದ ಕುತ್ತಿಗೆ ಚಾಚಿ ಅದನ್ನೇ ನೋಡುತ್ತಿದ್ದರು. "ನಿಮ್ಮಮ್ಮಂಗೆ ಏಳು, ಎರಡ್ನೇ ಗೇರ್ ಆಕ್ಲಿ." ಅಮ್ಮ ಆಗಲೇ ಹಾಕಿದ್ದಳು. ಮೈಸೂರು ಮೈನ್ಸ್ ಬಳಸಿ ಊರಿಗೆ ಬಂದು ಮನೆಯ ಮುಂದೆ ನಿಲ್ಲಿಸಿದೆವು. ದೊಡ್ಡಪ್ಪ ಪೇಪರು ಹಾಸಿದರು. ಟೀ ಕುಡಿದೆವು. ಪೇಪರು ಎಳೆದು ನೋಡಿದರು.

ಒಂದು ಕಡೆ ಒದ್ದೆಯಾಗಿತ್ತು. ನಾಣ್ಯದಷ್ಟು.

"ನೋಡಮ್ಮ ಲಾಯರಮ್ಮ," ಅಂದರು ದೊಡ್ಡಪ್ಪ. ಗೆದ್ದ ದನಿಯಲ್ಲ ಅದು. ಅದಕ್ಕೇ ಇನ್ನೂ ಉರಿಯಿತು.

ಸೀಟು ಎತ್ತಿ ಟಾರ್ಚು ಹಾಕಿದೆ. ಪಂಪಿನ ಸುತ್ತ ಒಣಗಿ ಬೆಣಚುಕಲ್ಲಿನಂತಿತ್ತು. ಹನಿ ಬಿದ್ದದ್ದು ಅದಕ್ಕಿಂತ ಮೇಲಿನ ರಬ್ಬರ್ ಪೈಪಿನಿಂದ. ಅದರ ಕ್ಲಿಪ್ಪು ಸಡಿಲವಿತ್ತು. ಸ್ಕ್ರೂಡ್ರೈವರಿನಿಂದ ಬಿಗಿದೆ. ನಿಂತಿತು.

"ಕ್ಲಿಪ್ಪಿನದು ದೊಡ್ಡಪ್ಪ! ಪಂಪಿನದಲ್ಲ. ಎಂಜಿನ್ ಮೈದಂತೂ ಅಲ್ಲವೇ ಅಲ್ಲ."

"ಒಂದ್ ಅನಿ ಬಿದ್ರೂ ಅಂದಿದ್ದೆ. ಎಲ್ಲಿಂದ ಬಿದ್ರೆ ಅಂತ ಏಳಿರ್ಲಿಲ್ಲ. ನೀನು ಊಂ ಅಂದಿದ್ದೆ."

ಅಂದಿದ್ದೆ. ಷರತ್ತಿನ ಪ್ರತಿ ಪದವನ್ನೂ ಅಳೆದು ನೋಡು ಎಂದು ಕಿರಿಯರಿಗೆ ಪಾಠ ಹೇಳುವವಳು ನಾನು. ಅಕ್ಷರಕ್ಕೆ ಅಕ್ಷರ ಹಿಡಿದರೆ ಸೋತಿದ್ದೆ. ಆದರೂ ಬಿಡಲು ಮನಸ್ಸಿಲ್ಲದೆ, ಷರತ್ತಿನ ಉದ್ದೇಶವೇನು, ಹನಿ ಎಂದರೆ ಯಾವ ಹನಿ ಎಂದು ಶುರು ಮಾಡಿದೆ. ಗುಜರಿಯವನಿಗೆ ಮಾತು ಕೊಟ್ಟಾಗಿದೆ ಎಂದು ದೊಡ್ಡಪ್ಪ ಶುರು ಮಾಡಿದರು. ಇಬ್ಬರ ದನಿಯೂ ಬೀದಿಗೆ ಕೇಳುವಷ್ಟು ಏರಿತು.

"ಬಾವ."

ನಾವಿಬ್ಬರೂ ತಿರುಗಿದೆವು. ಅಮ್ಮ ಡ್ರೈವರ್ ಬಾಗಿಲಿಗೆ ಕೈ ಊರಿ ನಿಂತಿದ್ದಳು. ಅವಳು ದೊಡ್ಡಪ್ಪನನ್ನು ನೇರವಾಗಿ ಕರೆದದ್ದನ್ನು ನಾನು ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ದೊಡ್ಡಪ್ಪನೂ ಕೇಳಿರಲಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

"ಬೆಟ್ ಕಟ್ಟಿದ್ದು ನೀವೂ ನಿಮ್ ಮಗಳೂ. ನಾನ್ ಯಾತಕ್ಕೂ ಊಂ ಅಂದಿಲ್ಲ. ಗಾಡಿ ನಂದು. ನಾಳೆ ಗುಜರಿಯವ್ನು ಬಂದ್ರೆ, ಗಾಡಿ ರೈಲ್ಗೆ ಓಗೈತೆ ಅಂತ ಏಳಿ."

ಆಮೇಲೆ ನನ್ನ ಕಡೆ ತಿರುಗಿ, "ನೀನೂ ಅಷ್ಟೇ. ನನ್ ಗಾಡೀನ ಪಣಕ್ ಇಡೋಕ್ ನೀನ್ಯಾರೇ?" ಎಂದು, ಪೇಪರನ್ನು ಮುದುರಿ ಒಲೆಗೆ ತೆಗೆದುಕೊಂಡು ಹೋದಳು.

ಅಂಚೆಪೆಟ್ಟಿಗೆಗೆ ಅಂದು ಏನೂ ಕೆಲಸವಿರಲಿಲ್ಲ.

ಸೋಮವಾರ ಬೆಳಕು ಹರಿಯುವ ಮೊದಲೇ ಅಮ್ಮ ಹೊರಟಿದ್ದಳು. ನಾನು ಕಾಲೇಜಿಗೆ ಹೋಗದೆ ಮನೆಯಲ್ಲೇ ಉಳಿದೆ. ಗುಜರಿಯವನು ಬಂದರೆ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಅವನು ಸಣ್ಣ ಲಾರಿಯಲ್ಲಿ ಹಗ್ಗ, ಕೊಕ್ಕೆ ಎಲ್ಲ ಹಾಕಿಕೊಂಡು ಬಂದ. ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ದೊಡ್ಡಪ್ಪ ಅಂದರು:

"ಗಾಡಿ ಇಲ್ಲ ಕಣ್ಲಾ. ರೈಲ್ಗೆ ಓಗೈತೆ."

"ಎಳ್ಕೊಂಡ್ ಓಗವ್ರಾ?"

"ಓಡಿಸ್ಕೊಂಡ್ ಓಗವ್ಳೆ."

"ಮತ್ತೆ ನೀವೇ ಬಾ ಅಂದ್ರಲ್ಲಣ್ಣ? ಇನ್ ಯಾವಾಗ್ ಬರ್ಲಿ?"

"ನನ್ ಯಾಕ್ ಕೇಳ್ತೀಯ? ಅವಳ್ನ ಕೇಳು. ಗಾಡಿ ಅವಳ್ದು."

ಗುಜರಿಯವನು ಗೊಣಗುತ್ತಾ ಹೋದ. ನನ್ನ ಮಾತುಗಳೆಲ್ಲ ಹಾಗೇ ಉಳಿದವು. ದೊಡ್ಡಪ್ಪ ನನ್ನ ಕಡೆ ಬೆರಳು ತೋರಿಸಿದರು.

"ಆದ್ರೆ ಬೆಟ್‌ನಾಗ್ ನೀನ್ ಸೋತಿದೀಯ. ಅದನ್ ಮರೀಬೇಡ. ಅನಿ ಬಿದ್ದಿತ್ತು."

"ಕ್ಲಿಪ್ಪಿಂದ."

"ಅನಿ ಅನೀನೇ."

"ಹಾಗಾದರೆ ಎಂಜಿನ್ ಮೈ ಕೆಟ್ಟಿದೆ ಅಂದಿರಲ್ಲ, ಅದು ಸುಳ್ಳಾಯಿತಲ್ಲ? ಮೊದಲು ಅದಕ್ಕೆ ಉತ್ತರ ಕೊಡಿ."

"ಒಂದ್ ದಿನಕ್ಕೇ ಗೊತ್ತಾಗ್ತದಾ? ಆರ್ ತಿಂಗ್ಳು ಓಡ್ಲಿ, ನೋಡೋಣ."

"ನೋಡೋಣ. ಆದರೆ ಈ ಸಲ ಪಣ ಇಲ್ಲ."

ಹೀಗೆ ಜಗಳ ನಡೆದಿರುವಾಗಲೇ ಬೀದಿಯ ತಿರುವಿನಲ್ಲಿ ವ್ಯಾನಿನ ಹಾರ್ನು ಕೇಳಿಸಿತು. ಅಮ್ಮ ಬಂದು ನಿಲ್ಲಿಸಿ ಇಳಿದಳು. ಹಿಂದಿನ ಸೀಟು ಖಾಲಿಯೇ ಹೋಗಿತ್ತಂತೆ. ಮುಂದಿನದರಲ್ಲಿ ಇಬ್ಬರು ಕೂತಿದ್ದರಂತೆ, ಅವರಿಗೆ ರೈಲು ಸಿಕ್ಕಿತಂತೆ. ಆಟೋದಲ್ಲಿ ಹೋದವರು ಪ್ಲಾಟ್‌ಫಾರಂನಲ್ಲಿ ನಿಂತು ನೋಡಿದರಂತೆ.

"ನಾಳೆ ಬತ್ತಾರೆ," ಅಂದಳು, ಯಾರನ್ನೂ ಉದ್ದೇಶಿಸದೆ.

ದೊಡ್ಡಪ್ಪ ಎದ್ದರು. ಗಾಡಿಯ ಹತ್ತಿರ ಹೋಗಿ, ಮಂಡಿಯೂರಿ, ಅಡಿಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ಕೈ ಕೊಡವಿಕೊಂಡು, ನನ್ನ ಕಡೆ ನೋಡದೆ, ಅಮ್ಮನಿಗೆ ಹೇಳಿದರು:

"ಆ ಮೇಲಿನ್ ಕ್ಲಿಪ್ ಅಳೇದಮ್ಮ. ಅದ್ರ ಮೇಲೆ ಇನ್ನೊಂದ್ ಆಕ್ಬೇಡ. ಅದನ್ ಕಿತ್ತು ಒಸದು ಆಕು."